ಸಂಬಳವಿಲ್ಲದ ಪಾಠಕ್ಕೂ ವೇಳಾಪಟ್ಟಿ ಬೇಕು

ಜೂನ್ ಬಂತೆಂದರೆ ಶಿವಮೊಗ್ಗ, ಭದ್ರಾವತಿಯ ಶಾಲೆ–ಕಾಲೇಜುಗಳ ಮುಖ್ಯಸ್ಥರ ಕೊಠಡಿಗೆ ಒಂದು ಬಗೆಯ ಅತಿಥಿಗಳು ಬಂದು ಕೂರುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರು, ಕಾರ್ಖಾನೆಯ ಪ್ರಯೋಗಾಲಯದಲ್ಲಿ ಜೀವಮಾನ ಕಳೆದವರು, ಎಂ.ಎಸ್ಸಿ. ಮಾಡಿ ಮಕ್ಕಳನ್ನು ಬೆಳೆಸಿ ಈಗ ಬಿಡುವಾದ ತಾಯಂದಿರು, ಬೆಂಗಳೂರಿನ ಕಂಪನಿಗೆ ವಿನೋಬನಗರದ ಮನೆಯಿಂದಲೇ ಕೆಲಸ ಮಾಡುವ ಹುಡುಗರು. ಎಲ್ಲರದೂ ಒಂದೇ ಮಾತು: ಸಂಬಳ ಬೇಡ, ವಾರಕ್ಕೆ ಒಂದೆರಡು ಪಾಠ ಮಾಡುವ ಆಸೆ. ಮುಖ್ಯಸ್ಥರು ಕಾಫಿ ತರಿಸುತ್ತಾರೆ, ಸಂತೋಷ ಎನ್ನುತ್ತಾರೆ. ದಸರೆ ರಜೆ ಬರುವ ಹೊತ್ತಿಗೆ ಇವರಲ್ಲಿ ಉಳಿದಿರುವವರು ಕಡಿಮೆ. ಪಾಠ ಮಾಡಲು ಬಾರದೆ ಬಿಟ್ಟವರನ್ನು ನಾನು ಹೆಚ್ಚು ನೋಡಿಲ್ಲ. ಆ ಸಂಸ್ಥೆಯ ದಿನಚರಿಯಲ್ಲಿ ತಮ್ಮ ಜಾಗ ಯಾವುದೆಂದು ತಿಳಿಯದೆ ಬಿಟ್ಟವರೇ ಜಾಸ್ತಿ. ಆ ಜಾಗವನ್ನು ಕಂಡುಕೊಳ್ಳುವ ಬಗೆಯನ್ನು ಇಲ್ಲಿ ಹೇಳಲು ಹೊರಟಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. ನೀವು ಪುಕ್ಕಟೆ ಮಾಡುವ ಪಾಠದಿಂದ ಇನ್ನೊಬ್ಬರ ಅನ್ನಕ್ಕೆ ಕಲ್ಲು ಬೀಳಬಾರದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರನ್ನು ನೆಚ್ಚಿಕೊಂಡು ನಡೆಯುತ್ತಿವೆ. ವಾರಕ್ಕೆ ಎಷ್ಟು ಗಂಟೆ ಕಾರ್ಯಭಾರ ಸಿಕ್ಕಿತು ಎಂಬುದರ ಮೇಲೆ ಅವರ ಗೌರವಧನ ನಿಂತಿರುತ್ತದೆ. ಖಾಸಗಿ ಸಂಸ್ಥೆಗಳಲ್ಲಿ ಆಡಳಿತ ಮಂಡಳಿಯೇ ನೇಮಿಸಿಕೊಂಡ ಶಿಕ್ಷಕರ ಪಾಡು ಇದಕ್ಕಿಂತ ಸುಖವೇನಲ್ಲ. ಅಂಥ ಕಡೆ ಹೋಗಿ ‘ಫಿಸಿಕ್ಸ್ ನಾನೇ ಪೂರ್ತಿ ನೋಡಿಕೊಳ್ಳುತ್ತೇನೆ’ ಎಂದು ಪಿಂಚಣಿ ಬರುವವರೊಬ್ಬರು ಕೂತರೆ, ಮೂವತ್ತರ ಹರೆಯದ ಒಬ್ಬಳ ತಿಂಗಳ ಆದಾಯ ಹೋಯಿತೆಂದೇ ಅರ್ಥ. ಮುಖ್ಯಸ್ಥರೇ ಆ ಬೇಡಿಕೆ ಇಟ್ಟರೂ ಒಪ್ಪಬೇಡಿ. ವೇಳಾಪಟ್ಟಿಯಲ್ಲಿ ಈಗಾಗಲೇ ಇರುವ ಪಿರಿಯಡ್ ಸಂಬಳದವರದು. ಅದರ ಆಚೆಗೆ ಮಕ್ಕಳಿಗೆ ಬೇಕಾಗಿರುವ, ಆದರೆ ಯಾರಿಗೂ ಪುರುಸೊತ್ತಿಲ್ಲದ ಗಂಟೆಗಳು ನಿಮ್ಮವು. ಅಂಥವು ಬೇಕಾದಷ್ಟಿವೆ.

ಹಿಂದುಳಿದ ಎಂಟು ಹತ್ತು ಮಕ್ಕಳನ್ನು ಕೂರಿಸಿಕೊಂಡು ಮಾಡುವ ಪರಿಹಾರ ಬೋಧನೆ ಅಂಥದ್ದು. ಪ್ರಯೋಗಾಲಯದಲ್ಲಿ ಎರಡನೇ ಜೊತೆ ಕೈಯಾಗಿ ನಿಲ್ಲುವುದು, ಬೀಗ ಹಾಕಿದ ಗ್ರಂಥಾಲಯವನ್ನು ವಾರಕ್ಕೊಂದು ಮಧ್ಯಾಹ್ನ ತೆರೆದು ಕೂರುವುದೂ ಅಂಥದ್ದೇ. 2024ರಿಂದ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುವ ಪದ್ಧತಿ ಬಂದ ಮೇಲೆ ಇನ್ನೊಂದು ದೊಡ್ಡ ಕೆಲಸ ಹುಟ್ಟಿಕೊಂಡಿದೆ. ಪರೀಕ್ಷೆ–1ರಲ್ಲಿ ಉಳಿದ ವಿದ್ಯಾರ್ಥಿಗೆ ಪರೀಕ್ಷೆ–2ಕ್ಕೆ ಸಿಗುವುದು ಕೆಲವೇ ವಾರ. ಅದು ಬೇಸಿಗೆ ರಜೆಯ ಹೊತ್ತು. ಶಿಕ್ಷಕರು ಮೌಲ್ಯಮಾಪನ, ದಾಖಲಾತಿ ಎಂದು ಓಡಾಡುತ್ತಿರುತ್ತಾರೆ. ಆ ವಾರಗಳಲ್ಲಿ ದಿನಕ್ಕೆ ಎರಡು ಗಂಟೆ ಕೊಡಬಲ್ಲವರು ಇಡೀ ವರ್ಷ ಕೊಟ್ಟಷ್ಟೇ ಉಪಕಾರ ಮಾಡಿದಂತೆ.

ಒಳಗೆ ಹೋಗುವ ಬಾಗಿಲು

ಸರ್ಕಾರಿ ಶಾಲೆಯಾದರೆ ಮುಖ್ಯ ಶಿಕ್ಷಕರನ್ನು ಕಂಡು ಮಾತಾಡಿ, ಒಂದು ಪುಟದ ಮನವಿ ಕೊಡಿ. ಯಾವ ತರಗತಿ, ಯಾವ ವಿಷಯ, ವಾರದ ಯಾವ ದಿನ, ಎಷ್ಟು ಗಂಟೆಗೆ, ಯಾವ ತಿಂಗಳವರೆಗೆ ಎಂದು ಅದರಲ್ಲಿ ಬರೆದಿರಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಸಭೆಯಲ್ಲಿ ಆ ಮನವಿ ಓದಿ ನಡಾವಳಿಯಲ್ಲಿ ದಾಖಲಾದರೆ ಒಳ್ಳೆಯದು. ಸಮಿತಿಯಲ್ಲಿರುವವರು ಆ ಶಾಲೆಯ ಮಕ್ಕಳ ತಂದೆತಾಯಂದಿರು. ‘ಆ ಕನ್ನಡಕದ ಸಾರ್ ಯಾರು, ಯಾಕೆ ಬರ್ತಾರೆ’ ಎಂಬ ಪ್ರಶ್ನೆಗೆ ಊರೊಳಗೆ ಉತ್ತರ ಹೇಳುವವರು ಅವರೇ. ಕೇಂದ್ರ ಶಿಕ್ಷಣ ಸಚಿವಾಲಯದ ವಿದ್ಯಾಂಜಲಿ ಎಂಬ ವ್ಯವಸ್ಥೆಯೂ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಹೊಸ ರೂಪದಲ್ಲಿ ಬಂದ ಇದರಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳು ತಮಗೇನು ಬೇಕೆಂದು ನಮೂದಿಸುತ್ತವೆ, ಸ್ವಯಂಸೇವಕರು ಹೆಸರು ನೋಂದಾಯಿಸಿಕೊಂಡು ಶಾಲೆಯನ್ನು ಆರಿಸಿಕೊಳ್ಳುತ್ತಾರೆ. ದಾಖಲೆಗೆ ಅದು ಅನುಕೂಲ. ನಮ್ಮಂಥ ಊರಲ್ಲಿ ಕೆಲಸ ಕುದುರುವುದು ಮಾತ್ರ ಶಾಲೆಯ ಅಂಗಳದಲ್ಲಿ ನಿಂತು ಮಾತಾಡಿದ ಮೇಲೆಯೇ.

ಪದವಿಪೂರ್ವ ಮತ್ತು ಪದವಿ ಕಾಲೇಜಿನಲ್ಲಿ ಪ್ರಾಂಶುಪಾಲರ ಒಪ್ಪಿಗೆಯ ಜೊತೆಗೆ ಆ ವಿಷಯದ ಉಪನ್ಯಾಸಕರ ಒಪ್ಪಿಗೆಯೂ ಬೇಕು. ನಿಯಮದಲ್ಲಿ ಇರಲಿ ಬಿಡಲಿ, ಅವರನ್ನು ಬಿಟ್ಟು ಹೋದರೆ ಯಾವ ಮಗುವನ್ನು ಎಲ್ಲಿಂದ ಎತ್ತಿಕೊಳ್ಳಬೇಕೆಂಬುದೇ ನಿಮಗೆ ತಿಳಿಯುವುದಿಲ್ಲ.

ಕ್ರೈಸ್ತ ಸಂಸ್ಥೆಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಹಳ ಜನ ಅಲ್ಲಿಗೆ ಹೋಗಲು ಆಸೆಪಡುತ್ತಾರೆ, ಒಳಗಿನ ರೀತಿ ಗೊತ್ತಿಲ್ಲದೆ ಹಿಂಜರಿಯುತ್ತಾರೆ. ಶಿವಮೊಗ್ಗ ಕಥೋಲಿಕ ಧರ್ಮಪ್ರಾಂತ್ಯ ಚಿಕ್ಕಮಗಳೂರಿನಿಂದ ಬೇರ್ಪಟ್ಟು 1988ರ ನವೆಂಬರ್ 14ರಂದು ಸ್ಥಾಪನೆಯಾಯಿತು. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗದ ಸೀಮೆ ಅದರ ವ್ಯಾಪ್ತಿ, ನಗರದ ಸೇಕ್ರೆಡ್ ಹಾರ್ಟ್ ಚರ್ಚ್ ಅದರ ಪ್ರಧಾನಾಲಯ. ಹೊರಗಿನವರು ಎಲ್ಲ ಕ್ರೈಸ್ತ ಶಾಲೆಗಳನ್ನೂ ಒಟ್ಟಾಗಿ ‘ಕಾನ್ವೆಂಟ್’ ಎಂದುಬಿಡುತ್ತಾರೆ. ಒಳಗೆ ಎರಡು ಬಗೆಯಿದೆ. ಧರ್ಮಪ್ರಾಂತ್ಯದ ಶಾಲೆಯಲ್ಲಿ ಕೊನೆಯ ಮಾತು ಬಿಷಪರ ಕೆಳಗಿನ ಶಿಕ್ಷಣ ಮಂಡಳಿಯದು, ಸ್ಥಳದಲ್ಲಿ ಸಂಚಾಲಕರಾದ ಫಾದರ್ ಅವರದು. ಸನ್ಯಾಸಿನಿಯರ ಸಭೆಯೊಂದು ನಡೆಸುವ ಶಾಲೆಯಾದರೆ ಅಲ್ಲಿನ ಸುಪೀರಿಯರ್ ಮತ್ತು ಅವರ ಮೇಲಿನ ಪ್ರಾಂತ್ಯಾಧಿಕಾರಿಯದು. ಒಪ್ಪಿಗೆ ಯಾರ ಸಹಿಯಿಂದ ಬರಬೇಕೆಂಬುದು ಇದರ ಮೇಲೆ ಹೋಗುತ್ತದೆ. ಇನ್ನೊಂದು ಸಂಗತಿ: ಫಾದರ್‌ಗಳಿಗೂ ಸಿಸ್ಟರ್‌ಗಳಿಗೂ ವರ್ಗಾವಣೆಯಿದೆ, ಅದು ಸಾಮಾನ್ಯವಾಗಿ ಬೇಸಿಗೆ ರಜೆಯಲ್ಲೇ ಆಗುತ್ತದೆ. ಮಾರ್ಚಿನಲ್ಲಿ ಒಬ್ಬ ಸಿಸ್ಟರ್ ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಜೂನಿನಲ್ಲಿ ಬಂದ ಹೊಸಬರು ಕೇಳಿಯೇ ಇರುವುದಿಲ್ಲ. ಅದಕ್ಕೇ ಒಂದು ಕಾಗದ ಇರಲಿ, ವರ್ಷಕ್ಕೊಮ್ಮೆ ಹೊಸದಾಗಲಿ.

ಬೆಳಗಿನ ಪ್ರಾರ್ಥನೆಯಲ್ಲಿ ಏನು ಮಾಡಬೇಕು ಎಂದು ಬೇರೆ ಮತದವರು ಕೇಳುವುದುಂಟು. ಸುಮ್ಮನೆ ಗೌರವದಿಂದ ನಿಂತರೆ ಸಾಕು. ಶಿಲುಬೆ ಗುರುತು ಹಾಕಿ ಎಂದು ಯಾರೂ ನಿಮ್ಮನ್ನು ಕೇಳುವುದಿಲ್ಲ. ತರಗತಿಯಲ್ಲಿ ಕೂತಿರುವ ಬಹಳಷ್ಟು ಮಕ್ಕಳು ಹಿಂದೂಗಳು, ಮುಸ್ಲಿಮರು. ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ ನಡೆಯುವ ಹೊತ್ತಿನಲ್ಲಿ ಉಳಿದವರಿಗೆ ನೀತಿಪಾಠ ಇಡುವುದು ವಾಡಿಕೆ. ಅಲ್ಪಸಂಖ್ಯಾತರು ತಮ್ಮ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30(1)ನೇ ವಿಧಿ ಕೊಟ್ಟಿದೆ. ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ, ಚಿಕ್ಕವರಾದರೆ ಪೋಷಕರ ಒಪ್ಪಿಗೆಯಿಲ್ಲದೆ, ಧರ್ಮಬೋಧೆಗೆ ಕೂರಿಸಬಾರದೆಂದು 28(3)ನೇ ವಿಧಿ ಹೇಳುತ್ತದೆ. ಪಾಠ ಹೇಳಲು ಬಂದವರು ತಮ್ಮ ಮತವನ್ನಾಗಲಿ, ಇನ್ನೊಬ್ಬರ ಮತದ ಮೇಲಿನ ಟೀಕೆಯನ್ನಾಗಲಿ ಕೋಣೆಯೊಳಗೆ ತರಲೇಬಾರದು. ಈ ಒಂದು ಶಿಸ್ತು ಇದ್ದರೆ ಬೇರೆ ಯಾವ ಮುಜುಗರವೂ ಉಳಿಯದು.

ಹಬ್ಬದ ಪಂಚಾಂಗವನ್ನು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ. ಸೆಪ್ಟೆಂಬರ್ 8 ಮರಿಯಮ್ಮನವರ ಜನ್ಮದಿನ. ಕರಾವಳಿಯಿಂದ ಮಲೆನಾಡಿಗೆ ಬಂದ ಕೊಂಕಣಿ ಕುಟುಂಬಗಳಿಗೆ ಅದು ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ತಮಿಳು ಮನೆಗಳಿಗೆ ಅದೇ ದಿನ ವೇಳಾಂಗಣ್ಣಿ ಮಾತೆಯ ಹಬ್ಬ. ಹಿಂದಿನ ಒಂಬತ್ತು ದಿನ ನೊವೆನಾ ಪ್ರಾರ್ಥನೆ ಇರುವುದರಿಂದ ಸಂಜೆ ತರಗತಿಗೆ ಈ ಮಕ್ಕಳು ಬರುವುದು ಕಷ್ಟ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಕಾರ್ಯಕ್ರಮ, ವಾರ್ಷಿಕೋತ್ಸವದ ತಾಲೀಮು ಶುರುವಾದರೆ ಪಾಠ ಸಾಗದು. ನವೆಂಬರ್ ಕೊನೆಯೊಳಗೆ ಒಂದು ಘಟ್ಟ ಮುಟ್ಟುವಂತೆ ಯೋಜಿಸಿಕೊಳ್ಳಬೇಕು.

ಮೊದಲ ವಾರಗಳು

ಹೋದ ದಿನವೇ ಪಾಠ ಶುರುಮಾಡಬೇಡಿ. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಆ ವಿಷಯದ ಶಿಕ್ಷಕರು ಪಾಠ ಮಾಡುವುದನ್ನು ಕೇಳಿ. ಅವರ ಅನುಮತಿ ಕೇಳಿಯೇ ಕೂರಿ, ತಪಾಸಣೆಗೆ ಬಂದವರಂತೆ ಕಾಣಬೇಡಿ, ಬರೆದುಕೊಳ್ಳಲೂ ಬೇಡಿ. ಯಾವ ಮಗು ಬೋರ್ಡಿನಿಂದ ಕಾಪಿ ಮಾಡುತ್ತಿದೆ, ಯಾವುದು ಪಕ್ಕದವನ ಪುಸ್ತಕದಿಂದ ಕಾಪಿ ಮಾಡುತ್ತಿದೆ ಎಂಬುದು ಆ ಬೆಂಚಿನಿಂದ ಕಂಡಷ್ಟು ಬೋರ್ಡಿನ ಮುಂದೆ ನಿಂತರೆ ಕಾಣುವುದಿಲ್ಲ.

ಮಕ್ಕಳ ಹೆಸರಿನ ಜೊತೆಗೆ ಅವರು ಬರುವ ಊರನ್ನೂ ಬಸ್ಸನ್ನೂ ಬರೆದಿಟ್ಟುಕೊಳ್ಳಿ. ಇದು ಸಣ್ಣ ವಿಷಯವಲ್ಲ. ಭದ್ರಾವತಿಗೆ ಹೊಳೆಹೊನ್ನೂರು, ಆನವೇರಿ, ಅರಬಿಳಚಿ ಕಡೆಯಿಂದ, ಶಿವಮೊಗ್ಗಕ್ಕೆ ಆಯನೂರು, ಕುಂಸಿ, ಹಾರನಹಳ್ಳಿ ಕಡೆಯಿಂದ ಬರುವ ಮಕ್ಕಳು ಬಸ್ ಪಾಸಿನವರು. ನೀವು ಸಂಜೆ ನಾಲ್ಕೂವರೆಗೆ ವಿಶೇಷ ತರಗತಿ ಇಟ್ಟರೆ ಅದಕ್ಕೆ ಉಳಿಯುವವರು ಪೇಟೆಯ ಮಕ್ಕಳು. ಹೆಚ್ಚು ಬೇಕಾಗಿರುವವರು ಬಸ್ ಸ್ಟ್ಯಾಂಡಿನಲ್ಲಿರುತ್ತಾರೆ. ಹಳ್ಳಿಯ ಬಸ್ಸು ಬೆಳಿಗ್ಗೆ ಬೇಗ ಬಂದು ಮಕ್ಕಳನ್ನು ಇಳಿಸಿಬಿಡುವುದರಿಂದ, ಪ್ರಾರ್ಥನೆಗೆ ಮೊದಲಿನ ಮುಕ್ಕಾಲು ಗಂಟೆ ಅವರು ಅಂಗಳದಲ್ಲಿ ಸುಮ್ಮನೆ ಕೂತಿರುತ್ತಾರೆ. ಎರಡೂ ಊರುಗಳಲ್ಲಿ ನಾನು ಕಂಡಂತೆ ಸ್ವಯಂಸೇವಕರಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದಿಲ್ಲ.

ಭದ್ರಾವತಿಯ ತರಗತಿಯಲ್ಲಿ ಭಾಷೆಯ ಕಡೆಗೂ ಗಮನ ಬೇಕು. ಬೆಂಕಿಪುರ ಎನಿಸಿಕೊಂಡಿದ್ದ ಊರಿಗೆ ಕಬ್ಬಿಣದ ಕಾರ್ಖಾನೆ ಬಂದ ಮೇಲೆ ಕೆಲಸ ಹುಡುಕಿ ನಾಲ್ಕೂ ದಿಕ್ಕಿನ ಜನ ಬಂದರು. ಮನೆಯಲ್ಲಿ ತಮಿಳು, ತೆಲುಗು, ಉರ್ದು, ಮಲಯಾಳಂ ಆಡುವ ಮಕ್ಕಳು ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಮೂರು ಮೆಟ್ಟಿಲು ಹತ್ತುತ್ತಾರೆ. ಉತ್ತರ ಹೇಳಲು ತಡವಾದ ಮಗುವಿಗೆ ವಿಷಯ ಗೊತ್ತಿಲ್ಲವೆಂದು ತೀರ್ಮಾನಿಸಬೇಡಿ. ಕಾಗದ ಕಾರ್ಖಾನೆಯ ಪೇಪರ್ ಟೌನಿನಲ್ಲಿ ಬೆಳೆದ ಹುಡುಗಿಯೊಬ್ಬಳು ಲೆಕ್ಕವನ್ನು ತಮಿಳಿನಲ್ಲಿ ಪಿಸುಗುಟ್ಟಿಕೊಂಡು ಮಾಡಿ ಉತ್ತರವನ್ನು ಕನ್ನಡದಲ್ಲಿ ಹೇಳಿದರೆ ಅದಕ್ಕೆ ಕಾಯುವಷ್ಟು ತಾಳ್ಮೆ ಬೇಕು.

ಸ್ಟಾಫ್ ರೂಮಿನಲ್ಲಿ ಖಾಲಿಯಿದ್ದ ಕುರ್ಚಿ ಯಾರದೆಂದು ಕೇಳಿ ಕೂರಿ. ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ, ಸಮೀಕ್ಷೆ, ತರಬೇತಿ ಎಂದು ಶಿಕ್ಷಕರು ಹೊತ್ತಿರುವ ಭಾರವನ್ನು ನೋಡಿದರೆ ಸಲಹೆ ಕೊಡುವ ಉಮೇದು ತಾನಾಗಿ ಇಳಿಯುತ್ತದೆ. ಅಟೆಂಡರ್‌ನ, ಬಿಸಿಯೂಟ ಬೇಯಿಸುವ ಅಕ್ಕಂದಿರ ಪರಿಚಯ ಮಾಡಿಕೊಳ್ಳಿ. ಕೋಣೆಯ ಬೀಗದ ಕೈ ಯಾರ ಹತ್ತಿರವಿದೆ, ಯಾವ ಮಗು ಬೆಳಿಗ್ಗೆ ಏನೂ ತಿನ್ನದೆ ಬಂದಿದೆ ಎಂಬುದೆಲ್ಲ ಅವರಿಗೆ ಗೊತ್ತು.

ಅಣೆಕಟ್ಟಿನ ಲೆಕ್ಕ

ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರುವ ಮಗು ಜೂನ್ ತಿಂಗಳಲ್ಲಿ ಒಮ್ಮೆಲೇ ಇಂಗ್ಲಿಷಿಗೆ ಬೀಳುತ್ತದೆ. ವಿಷಯ ಹೊಸದಲ್ಲ, ವೇಗೋತ್ಕರ್ಷ, ವಿಭವಾಂತರ, ರೋಧ ಎಲ್ಲ ಒಂಬತ್ತು, ಹತ್ತರಲ್ಲಿ ಓದಿದ್ದೇ. ಹೆಸರು ಬದಲಾದ ಮಾತ್ರಕ್ಕೆ ಎಲ್ಲವೂ ಅಪರಿಚಿತವಾಗಿ ಕಾಣುತ್ತದೆ. ಎದುರು ಬದುರು ಎರಡು ಸಾಲಿನಲ್ಲಿ ಪದಗಳನ್ನು ಬರೆಸುವ ನೋಟ್‌ಬುಕ್ ಸಾಕಷ್ಟು ಜನ ಮಾಡಿಸುತ್ತಾರೆ, ಅದು ಬೇಕು ಕೂಡ. ಅದಕ್ಕಿಂತ ಮುಖ್ಯ ಪ್ರಶ್ನೆಯನ್ನು ಓದುವ ಅಭ್ಯಾಸ. ಯಾವುದನ್ನು ಕೊಟ್ಟಿದ್ದಾರೆ, ಯಾವುದನ್ನು ಕೇಳಿದ್ದಾರೆ, ಯಾವ ಮಾನದಲ್ಲಿ ಕೇಳಿದ್ದಾರೆ, ಈ ಮೂರನ್ನು ಕನ್ನಡದಲ್ಲೇ ಬರೆಯಲು ಬಿಡಿ. ಲೆಕ್ಕವನ್ನು ಇಂಗ್ಲಿಷಿನಲ್ಲಿ ಮುಗಿಸಲಿ. ಒಂದು ಅವಧಿ ಹೀಗೆ ಮಾಡಿದರೆ ಕನ್ನಡದ ಸಾಲುಗಳು ತಾವಾಗಿಯೇ ಉದುರಿಹೋಗುತ್ತವೆ.

ಇದಕ್ಕೆ ನಮ್ಮ ಊರಿನಲ್ಲಿ ಪುಕ್ಕಟೆಯಾಗಿ ಸಿಗುವ ಪಠ್ಯವೊಂದಿದೆ. ಮಳೆಗಾಲದಲ್ಲಿ ಇಲ್ಲಿನ ಪತ್ರಿಕೆಗಳು ದಿನವೂ ಅಣೆಕಟ್ಟುಗಳ ನೀರಿನ ಮಟ್ಟ ಕೊಡುತ್ತವೆ. ಭದ್ರಾ ಗರಿಷ್ಠ ಮಟ್ಟ 186 ಅಡಿ, ಲಿಂಗನಮಕ್ಕಿ 1,819 ಅಡಿ, ಗಾಜನೂರಿನ ತುಂಗಾ 588.24 ಮೀಟರ್. ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ಗದ್ದೆ ಇರುವ ಮನೆಯ ಮಗುವಿಗೆ ಈ ಅಂಕಿಗಳು ಬಾಯಿಪಾಠ. ಅದನ್ನೇ ಬೋರ್ಡಿನ ಮೇಲೆ ಬರೆಯಿರಿ.

ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಮನೆಯ ಮೇಲಿನ 500 ಲೀಟರ್ ಟ್ಯಾಂಕು ಅಷ್ಟು ನೀರಿನಲ್ಲಿ ಎಷ್ಟು ಹೊತ್ತಿಗೆ ತುಂಬುತ್ತದೆ? ಹದಿನೆಂಟು ಸೆಕೆಂಡೂ ಹಿಡಿಯುವುದಿಲ್ಲ. ಇಲ್ಲಿಗೆ ಮಕ್ಕಳು ಎದ್ದು ಕೂರುತ್ತಾರೆ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ದಿನಕ್ಕೆ 86,400 ಸೆಕೆಂಡು. ಭಾಗಿಸಿದರೆ 11,574 ಬರುತ್ತದೆ. ಅಷ್ಟು ಕ್ಯೂಸೆಕ್ ನೀರು ಇಡೀ ದಿನ ಹರಿದು ಬಂದರೆ ಒಂದು ಟಿಎಂಸಿ. ಒಳಹರಿವು 26,000, ಹೊರಹರಿವು 3,000 ಎಂದಿಟ್ಟುಕೊಂಡರೆ ಉಳಿಯುವುದು 23,000. ಅಂದರೆ ದಿನಕ್ಕೆ ಎರಡು ಟಿಎಂಸಿಗೆ ಒಂದು ಕೂದಲೆಳೆ ಕಡಿಮೆ. ಅಣೆಕಟ್ಟು ತುಂಬಲು ಹತ್ತು ಟಿಎಂಸಿ ಬಾಕಿಯಿದ್ದರೆ ಐದು ದಿನ. ದರ, ಮಾನ, ಘಾತ, ಅಂದಾಜು ಎಲ್ಲ ಒಂದೇ ಲೆಕ್ಕದಲ್ಲಿ ಕೂತಿವೆ. ಮಗು ಮರುದಿನದ ಪತ್ರಿಕೆ ತೆರೆದು ತನ್ನ ಉತ್ತರವನ್ನು ತಾನೇ ತಾಳೆ ನೋಡಬಹುದು.

ಇಷ್ಟಕ್ಕೇ ನಿಲ್ಲಿಸದೆ ಪ್ರಶ್ನೆಗೆ ಕಾಯಿರಿ. ಹಿಂದಿನ ಬೆಂಚಿನಿಂದ ಒಂದು ಬಂದೇ ಬರುತ್ತದೆ: ‘ಸಾರ್, ಹಂಗಾದ್ರೆ ಲಿಂಗನಮಕ್ಕಿ ಭದ್ರಾಗಿಂತ ಹತ್ ಪಟ್ಟು ಎತ್ತರನಾ?’ ಅಲ್ಲ. 1,819 ಅಡಿಯನ್ನು ಸಮುದ್ರಮಟ್ಟದಿಂದ ಎಣಿಸಿದ್ದಾರೆ, 186 ಅಡಿಯನ್ನು ಅಣೆಕಟ್ಟಿನ ತಳದ ಕಡೆಯಿಂದ ಎಣಿಸಿದ್ದಾರೆ. ತುಂಗೆಯದು ಸಮುದ್ರಮಟ್ಟದಿಂದಲೇ, ಆದರೆ ಮೀಟರಿನಲ್ಲಿ. ಅಳತೆಯೆಂದರೆ ಎಲ್ಲಿಂದ ಅಳೆದದ್ದು ಎಂಬುದೂ ಸೇರಿಯೇ ಅಳತೆ ಎನ್ನುವುದನ್ನು, ಮುಂದೆ ವಿಭವ ಶಕ್ತಿಯ ಪಾಠದಲ್ಲಿ ಮಗು ತಡಕಾಡುವ ಆ ಸೂಕ್ಷ್ಮವನ್ನು, ಒಂದು ಪತ್ರಿಕೆಯ ಮೂಲೆ ಕಲಿಸಿಬಿಡುತ್ತದೆ. ಇನ್ನೂ ಚುರುಕಾದವರು ಕೇಳುತ್ತಾರೆ: ಜೂನಿನಲ್ಲಿ ಎರಡು ಟಿಎಂಸಿ ಬಂದಾಗ ಏರಿದಷ್ಟು ಅಡಿ ಆಗಸ್ಟಿನಲ್ಲಿ ಅಷ್ಟೇ ನೀರು ಬಂದರೂ ಏಕೆ ಏರುವುದಿಲ್ಲ? ಕಣಿವೆ ಮೇಲೆ ಹೋದಂತೆ ಅಗಲವಾಗುತ್ತದೆ, ಅದಕ್ಕೆ. ಈ ಉತ್ತರವನ್ನು ನೀವು ಹೇಳಬೇಡಿ. ಕೆಳಗೆ ಕಿರಿದಾಗಿ ಮೇಲೆ ಅಗಲವಾದ ಬೋಗುಣಿಯೊಂದಕ್ಕೆ ಲೋಟದಲ್ಲಿ ನೀರು ಸುರಿಯಲು ಹೇಳಿ, ಅವರೇ ಕಂಡುಕೊಳ್ಳುತ್ತಾರೆ. ಭದ್ರಾವತಿಯ ಮಕ್ಕಳಿಗಂತೂ ಇದು ಬರೀ ಪಾಠವಲ್ಲ. ಅಣೆಕಟ್ಟಿನಿಂದ ನದಿಗೆ ಹೆಚ್ಚು ನೀರು ಬಿಟ್ಟರೆ ಕವಲಗುಂದಿಯಂಥ ತಗ್ಗಿನ ಮನೆಗಳವರು ಸಾಮಾನು ಎತ್ತಿಡಬೇಕಾಗುತ್ತದೆ.

ಕಾರ್ಖಾನೆಯ ಕೈಗಳು

ಭದ್ರಾವತಿಯಲ್ಲಿರುವ ಒಂದು ಸಂಪತ್ತು ಬೇರೆ ತಾಲ್ಲೂಕು ಕೇಂದ್ರಗಳಿಗೆ ಇಲ್ಲ. 1918ರಲ್ಲಿ ಕೈಗೆತ್ತಿಕೊಂಡ ಮೈಸೂರು ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಕುಲುಮೆ ಉರಿಯಿತು, ಅದೇ ವರ್ಷದಿಂದ 1929ರವರೆಗೆ ವಿಶ್ವೇಶ್ವರಯ್ಯನವರು ಅದರ ಮುಖ್ಯಸ್ಥರಾಗಿದ್ದರು. 1936ರಲ್ಲಿ ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಈಗ ಆ ಕಾಗದ ಕಾರ್ಖಾನೆಯ, ಅಂದರೆ ಎಂಪಿಎಂನ, ಯಂತ್ರಗಳು ನಿಂತಿವೆ. ಮುಂದೆ ವಿಐಎಸ್‌ಎಲ್ ಆದ ಆ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಆರಂಭದಲ್ಲಿ ಹೊರಬಿದ್ದು, ಹೋರಾಟದ ನಂತರ ಅದೇ ವರ್ಷ ಅಷ್ಟಿಷ್ಟು ಕೆಲಸ ಮರಳಿ ಶುರುವಾಯಿತು. ಕಾರ್ಖಾನೆಗಳ ಭವಿಷ್ಯ ಏನೇ ಇರಲಿ, ಅಲ್ಲಿ ದುಡಿದ ಟರ್ನರ್‌ಗಳು, ಎಲೆಕ್ಟ್ರಿಷಿಯನ್‌ಗಳು, ರಸಾಯನಶಾಸ್ತ್ರಜ್ಞರು, ಅಚ್ಚು ಮಾಡುವವರು ಜನ್ನಾಪುರ, ಹೊಸಮನೆ, ನ್ಯೂಟೌನಿನ ಮನೆಗಳಲ್ಲಿದ್ದಾರೆ. ಶಾಲೆಯಲ್ಲಿ ಪಾಠ ಹೇಳಲು ಪದವಿ ಬೇಕು ಎಂದು ಸಂಕೋಚಪಟ್ಟು ಇವರು ಬರುವುದಿಲ್ಲ. ಬರಬೇಕು.

ಪ್ರಥಮ ಪಿಯುಸಿಯ ಪ್ರಾಯೋಗಿಕ ತರಗತಿಯನ್ನು ನೋಡಿ. ವರ್ನಿಯರ್ ಕ್ಯಾಲಿಪರ್, ಸ್ಕ್ರೂಗೇಜ್ ಕೈಗೆ ಕೊಟ್ಟ ಕೂಡಲೇ ಮಗು ಸ್ಕ್ರೂವನ್ನು ಮುಷ್ಟಿಯಿಂದ ತಿರುಗಿಸಿ ತಂತಿಯನ್ನು ಹಿಂಡುತ್ತದೆ. ಅಳತೆ ಬೇರೆಯೇ ಬರುತ್ತದೆ, ಉಪಕರಣವೂ ಹಾಳಾಗುತ್ತದೆ. ಮೂವತ್ತು ವರ್ಷ ಲೇತ್ ಮುಂದೆ ನಿಂತವರು ಆ ಕೈಯನ್ನು ಹಿಡಿದು, ತುದಿಯ ರ‍್ಯಾಚೆಟನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ತಿರುಗಿಸಿ, ಅದು ಟಿಕ್ ಎಂದ ಕಡೆ ನಿಲ್ಲಿಸಲು ಹೇಳುತ್ತಾರೆ. ತಂತಿ ಇಡುವ ಮುನ್ನ ಖಾಲಿ ಗೇಜನ್ನು ಮುಚ್ಚಿ ಸೊನ್ನೆ ಸೊನ್ನೆಗೇ ಬಂತೋ ಇಲ್ಲವೋ ನೋಡಿಸುತ್ತಾರೆ. ತಂತಿಯನ್ನು ಒಂದೇ ಕಡೆ ಅಳೆಯಬೇಡ, ತಿರುಗಿಸಿ ಅಡ್ಡಕ್ಕೂ ಅಳೆ, ತಂತಿ ಪೂರ್ತಿ ದುಂಡಗಿರುವುದಿಲ್ಲ ಎನ್ನುತ್ತಾರೆ. ಮಿಲಿಮೀಟರಿನ ನೂರರಲ್ಲೊಂದು ಪಾಲು ಎಂದರೆ ಏನೆಂದು ಆ ಮಗುವಿನ ಬೆರಳಿಗೆ ಅಂದೇ ತಿಳಿಯುತ್ತದೆ. ಈ ಪಾಠಕ್ಕೆ ಯಾವ ಪದವಿಯೂ ಬೇಡ. ಪ್ರಯೋಗಾಲಯ ಮಾತ್ರ ಉಪನ್ಯಾಸಕರ ಜವಾಬ್ದಾರಿಯದು. ಅವರಿಲ್ಲದಾಗ ಬೀಗ ತೆಗೆಸಬಾರದು, ಆಮ್ಲದ ಬಾಟಲಿ ಮುಟ್ಟಬಾರದು, ಕೆಟ್ಟ ಮೀಟರನ್ನು ರಿಪೇರಿ ಮಾಡಲು ಮನೆಗೆ ಒಯ್ಯುವುದಾದರೆ ರಿಜಿಸ್ಟರಿನಲ್ಲಿ ಬರೆಸಿಯೇ ಒಯ್ಯಬೇಕು.

ಕಡ್ಡಾಯವಾದ ಕೆಲವು ಕಟ್ಟುಪಾಡು

ಗುರುತಿನ ಚೀಟಿಯ ಪ್ರತಿ, ಇಬ್ಬರು ಪರಿಚಿತರ ಹೆಸರು, ಕೇಳಿದರೆ ಪೊಲೀಸ್ ಪರಿಶೀಲನಾ ಪತ್ರ ಕೊಡಿ. ಕೇಳದಿದ್ದರೂ ನೀವೇ ಮುಂದಾಗಿ ಕೊಟ್ಟರೆ ಮುಖ್ಯಸ್ಥರಿಗೆ ನೆಮ್ಮದಿ. ‘ನಮ್ಮನ್ನೇ ಅನುಮಾನಿಸುತ್ತಾರಾ’ ಎಂದು ಮುನಿಸಿಕೊಳ್ಳಬೇಡಿ. ಮಕ್ಕಳಿರುವ ಜಾಗಕ್ಕೆ ಹೊಸಬರು ಬಂದರೆ ವಿಚಾರಿಸುವುದು ಅವರ ಕರ್ತವ್ಯ. ಮುಚ್ಚಿದ ಕೋಣೆಯಲ್ಲಿ ಒಂದು ಮಗುವಿನ ಜೊತೆ ಒಬ್ಬರೇ ಕೂರಬಾರದು. ಒಬ್ಬನಿಗೇ ಹೇಳಿಕೊಡಬೇಕಾದರೆ ವರಾಂಡದಲ್ಲಿ, ನಾಲ್ಕು ಜನರ ಕಣ್ಣೆದುರು ಕೂತು ಹೇಳಿಕೊಡಿ. ಮಕ್ಕಳ ಫೋಟೊ ತೆಗೆದು ವಾಟ್ಸಾಪಿಗೆ ಹಾಕುವುದು ಬೇಡ. ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ‘ನಮ್ಮ ಕಾಲದಲ್ಲಿ’ ಎಂದು ಶುರುವಾಗುವ ಯಾವ ವಾದಕ್ಕೂ ಅಲ್ಲಿ ಜಾಗವಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಯಾರೇ ಆಗಲಿ ವರದಿ ಮಾಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಹೇಳುತ್ತದೆ, ಸ್ವಯಂಸೇವಕರೂ ಅದಕ್ಕೆ ಹೊರತಲ್ಲ. ಮಕ್ಕಳ ಸಹಾಯವಾಣಿ 1098 ನಿಮ್ಮ ಫೋನಿನಲ್ಲಿರಲಿ. ಹೊರದೇಶದ ಪಾಸ್‌ಪೋರ್ಟ್ ಹೊಂದಿರುವ ಮಗನೋ ಮೊಮ್ಮಗಳೋ ರಜೆಗೆ ಬಂದು ಪಾಠ ಮಾಡುವ ಉತ್ಸಾಹ ತೋರಿದರೆ, ಅವರ ವೀಸಾ ಅದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಎಷ್ಟು ಕಾಲ

ಪಸಿಫಿಕ್ ಸಾಗರದ ಮೈಕ್ರೊನೇಷಿಯಾದಲ್ಲಿ ಚುಕ್ ಎಂಬ ದ್ವೀಪ ಸಮೂಹವಿದೆ. ಅಲ್ಲಿನ ವೆನೊ ದ್ವೀಪದಲ್ಲಿ ಜೆಸ್ವಿಟ್ ಪಾದ್ರಿಗಳು 1952ರಲ್ಲಿ ಝೇವಿಯರ್ ಹೈಸ್ಕೂಲ್ ತೆರೆದರು. ಅಮೆರಿಕದಿಂದ ಪದವಿ ಮುಗಿಸಿದ ಯುವಕ ಯುವತಿಯರು ಸ್ವಯಂಸೇವಕರಾಗಿ ಆ ಶಾಲೆಯಲ್ಲಿ ಪಾಠ ಹೇಳಲು ಹೋಗುತ್ತಾರೆ. ಹೋಗುವವರು ಒಪ್ಪಿಕೊಳ್ಳಬೇಕಾದ ಅವಧಿ ಎರಡು ವರ್ಷ. ಮಳೆ, ಊಟ, ಭಾಷೆ, ಮಕ್ಕಳ ಸ್ವಭಾವ ಅರ್ಥವಾಗುವುದಕ್ಕೇ ಮೊದಲ ವರ್ಷ ಬೇಕು, ಮಕ್ಕಳಿಗೆ ನಿಜವಾದ ಪ್ರಯೋಜನ ಆಗುವುದು ಎರಡನೆಯದರಲ್ಲಿ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ನಮ್ಮೂರಿನವರು ಸಮುದ್ರ ದಾಟಬೇಕಿಲ್ಲ. ಶಿವಮೊಗ್ಗದಿಂದ ಭದ್ರಾವತಿ ಬಸ್ಸಿನಲ್ಲಿ ಸುಮಾರು 20 ಕಿಲೋಮೀಟರ್. ಆದರೂ ಒಂದು ಪೂರ್ತಿ ಶೈಕ್ಷಣಿಕ ವರ್ಷಕ್ಕೆ ಕಡಿಮೆ ಮಾತು ಕೊಡಬಾರದು. ವಾರಕ್ಕೆ ಆರು ಗಂಟೆ ಹೇಳಿ ಆಗಸ್ಟಿನಲ್ಲಿ ಬಿಡುವುದಕ್ಕಿಂತ, ಬುಧವಾರ ಬೆಳಿಗ್ಗೆ ಒಂದೇ ಒಂದು ಗಂಟೆ ಹೇಳಿ ಮಾರ್ಚಿನವರೆಗೆ ತಪ್ಪಿಸದೆ ಬರುವವರನ್ನು ಯಾವ ಮುಖ್ಯ ಶಿಕ್ಷಕರೂ ಕಳೆದುಕೊಳ್ಳಲು ಇಷ್ಟಪಡುವುದಿಲ್ಲ. ಅಮೆರಿಕದ ಮಗಳ ಮನೆಗೆ ಆರು ತಿಂಗಳು ಹೋಗುವುದಿದ್ದರೆ ಮೊದಲೇ ಹೇಳಿ, ಆ ವರ್ಷ ಬೇಸಿಗೆಯ ಪರೀಕ್ಷೆ–2ರ ತರಗತಿ ಮಾತ್ರ ಒಪ್ಪಿಕೊಳ್ಳಿ.

ಲೆಕ್ಕಕ್ಕೆ ಹಿಡಿಯಬೇಕಾದ ಅಡ್ಡಿಗಳು ಇವೆ. ಜುಲೈ, ಆಗಸ್ಟಿನಲ್ಲಿ ಜೋರು ಮಳೆಗೆ ರಜೆ ಘೋಷಣೆಯಾಗುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದಷ್ಟು ದಿನ ನಮಗಿಲ್ಲ, ಆದರೂ ಆ ಪಾಠವನ್ನು ಮುಂದಿನ ಶನಿವಾರ ತುಂಬಿಕೊಡಬೇಕಾಗುತ್ತದೆ. ಹೆಂಚಿನ ಮಾಡಿನ ಮೇಲೆ ಮಳೆ ಬೀಳುವಾಗ ನಿಮ್ಮ ದನಿ ಮೂರನೇ ಬೆಂಚನ್ನೂ ಮುಟ್ಟುವುದಿಲ್ಲ. ಅಂಥ ದಿನಕ್ಕೆಂದು ಬರೆದು ಮಾಡುವ ಕೆಲಸದ ಹಾಳೆಗಳನ್ನು ಚೀಲದಲ್ಲಿ ಇಟ್ಟುಕೊಂಡಿರಬೇಕು. ದಸರೆ ರಜೆ, ಕಿರುಪರೀಕ್ಷೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ ಎಲ್ಲ ಕಳೆದು ಉಳಿಯುವ ವಾರಗಳು ನೀವು ಜೂನಿನಲ್ಲಿ ಎಣಿಸಿದ್ದಕ್ಕಿಂತ ಬಹಳ ಕಡಿಮೆ. ಹತ್ತು ಅಧ್ಯಾಯ ಹಿಡಿಯಬೇಡಿ, ಮೂರು ಹಿಡಿಯಿರಿ. ಭಿನ್ನರಾಶಿ, ಶೇಕಡಾ, ಸಮೀಕರಣ ಈ ಮೂರು ಗಟ್ಟಿಯಾದ ಎಂಟನೇ ತರಗತಿಯ ಮಗು ಹತ್ತನೇ ತರಗತಿಯ ಹೊತ್ತಿಗೆ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ.

ಫೆಬ್ರುವರಿಯಲ್ಲಿ ಹೊಸ ಪಾಠ ನಿಲ್ಲಿಸಿ. ಪೂರ್ವಸಿದ್ಧತಾ ಪರೀಕ್ಷೆ, ಪುನರಾವರ್ತನೆ ಶಿಕ್ಷಕರ ಕೈಯಲ್ಲಿರಲಿ, ಅವರು ಕರೆದರೆ ಮಾತ್ರ ಹೋಗಿ. ಆ ಹೊತ್ತಿನಲ್ಲಿ ಪ್ರತಿ ಮಗುವಿನ ಬಗ್ಗೆ ಎರಡೆರಡು ಸಾಲು ಬರೆಯಿರಿ. ಎಲ್ಲಿ ಎಡವುತ್ತಾನೆ, ಯಾವ ಬಗೆಯಲ್ಲಿ ಹೇಳಿದರೆ ಹಿಡಿಯುತ್ತಾನೆ, ಕಣ್ಣು ಪರೀಕ್ಷೆ ಆಗಬೇಕೆ, ಬಸ್ಸು ಯಾವುದು. ಅದನ್ನು ತರಗತಿ ಶಿಕ್ಷಕರಿಗೆ ಕೊಡಿ, ಒಂದು ಪ್ರತಿ ನೀವಿಟ್ಟುಕೊಳ್ಳಿ. ಏಪ್ರಿಲ್ ಎರಡನೇ ವಾರ, ಬೇಸಿಗೆ ರಜೆ ಶುರುವಾಗುವ ಮೊದಲು, ಮುಖ್ಯಸ್ಥರನ್ನು ಕಂಡು ಮುಂದಿನ ವರ್ಷಕ್ಕೆ ಬರಬೇಕೋ ಬೇಡವೋ ನೇರವಾಗಿ ಕೇಳಿ. ಬೇಕು ಎಂದರೆ ಯಾವ ತರಗತಿ, ಯಾವ ಗಂಟೆ ಎಂದು ಅಲ್ಲೇ ಬರೆಸಿಕೊಂಡು ಬನ್ನಿ.